ಎಕ್ಸ್‌ರೇಯಲ್ಲಿ ಕಂಡ ನೆರಳು: ಟಿ.ಬಿ.ಯೋ, ಗಂಟೋ, ಹೇಳುವವರು ಯಾರು?

ಹೈದರಾಬಾದ್: ಇಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಊರಿನಿಂದ ಬರುವ ನೆಂಟರು ಎರಡು ಬಗೆ. ಮದುವೆಗೆ ಜವಳಿ, ಮುತ್ತು ಕೊಳ್ಳಲು ಬರುವವರು ಒಂದು ಬಗೆ. ದವಾಖಾನೆಗೆ ಬರುವವರು ಇನ್ನೊಂದು ಬಗೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬೆಳಗಿನ ಗಾಡಿಗೆ ಬಂದಿಳಿದು, ಕೈಚೀಲದಲ್ಲಿ ಎಕ್ಸ್‌ರೇ ಫಿಲಂ ಸುರುಳಿ ಹಿಡಿದು ಬಾಗಿಲು ತಟ್ಟುವ ಹಿರಿಯರನ್ನು ನಮ್ಮಲ್ಲಿ ನೋಡದವರು ಯಾರಿದ್ದಾರೆ?

ನನ್ನ ಸೋದರಮಾವ ಬಂದದ್ದೂ ಹಾಗೆಯೇ. ಬೀದರ್ ಜಿಲ್ಲೆಯವರು, ನಿವೃತ್ತ ಶಾಲಾ ಮಾಸ್ತರರು, ಮೂವತ್ತು ವರ್ಷ ಬೀಡಿ ಸೇದಿ ಬಿಟ್ಟವರು. ಕೆಮ್ಮು ಬಿಡಲಿಲ್ಲವೆಂದು ಊರಿನ ಹತ್ತಿರದ ಖಾಸಗಿ ವೈದ್ಯರೊಬ್ಬರಿಗೆ ತೋರಿಸಿದ್ದರು. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ನೆರಳು, ಅದರ ನಡುವೆ ಪೊಳ್ಳು. ಟಿ.ಬಿ. ಎಂದು ಗುಳಿಗೆ ಶುರುವಾಯಿತು. ಕಫದ ಪರೀಕ್ಷೆ ಆಗಲಿಲ್ಲ. "ಟಿ.ಬಿ. ಅಂದ್ರ ಆರು ತಿಂಗಳ ಗುಳಗಿ ನುಂಗಿದ್ರ ಆಯ್ತು, ಹೌದಿಲ್ಲೋ ತಮ್ಮಾ?" ಎಂದು ಮಾಮಾ ಫೋನಿನಲ್ಲಿ ಧೈರ್ಯವಾಗಿಯೇ ಇದ್ದರು. ನಾವೂ ಹೌದು ಎಂದೆವು.

ಐದನೇ ತಿಂಗಳಿಗೆ ಅವರು ನಮ್ಮ ಮನೆಗೆ ಬಂದಾಗ ದನಿ ಒಡೆದಿತ್ತು, ಅಂಗಿ ಜೋತಾಡುತ್ತಿತ್ತು. ಇಲ್ಲಿ ಸಿ.ಟಿ. ಸ್ಕ್ಯಾನ್, ಬ್ರಾಂಕೋಸ್ಕೋಪಿ, ಬಯಾಪ್ಸಿ ಎಲ್ಲ ಆದವು. ವರದಿಯಲ್ಲಿ ಟಿ.ಬಿ. ಇರಲಿಲ್ಲ, ಕ್ಯಾನ್ಸರ್ ಇತ್ತು. ಆಗಲೇ ಎದೆಯ ನಡುವಿನ ಗ್ರಂಥಿಗಳಿಗೆ ಹರಡಿ, ಧ್ವನಿಪೆಟ್ಟಿಗೆಗೆ ಹೋಗುವ ನರವನ್ನು ಒತ್ತಿತ್ತು. ದನಿ ಒಡೆದದ್ದು ಅದರಿಂದ. ಐದು ತಿಂಗಳು ಮೊದಲೇ ತಿಳಿದಿದ್ದರೆ ಶಸ್ತ್ರಚಿಕಿತ್ಸೆ ಸಾಧ್ಯವಿತ್ತೇ ಎಂದು ಕೇಳಿದೆ. "ಖಂಡಿತ ಎನ್ನಲಾರೆ, ಆದರೆ ಪ್ರಯತ್ನಿಸುವ ಅವಕಾಶವಾದರೂ ಇರುತ್ತಿತ್ತು" ಎಂದರು ವೈದ್ಯರು. ಮುಂದಿನ ದಸರೆಗೆ ಮಾಮಾ ಇರಲಿಲ್ಲ.

ಇದಕ್ಕೆ ತದ್ವಿರುದ್ಧದ ಸಂಗತಿಯೂ ನಮ್ಮ ಕಣ್ಣೆದುರೇ ಇದೆ. ನಮ್ಮ ಬಡಾವಣೆಯ ಕನ್ನಡದ ಅಜ್ಜಿಯೊಬ್ಬರಿಗೆ ಶ್ವಾಸಕೋಶದಲ್ಲಿ ಗಂಟು ಕಂಡಿತು. ಮನೆಮಂದಿ ಕ್ಯಾನ್ಸರ್ ಎಂದೇ ತಿಳಿದು, "ಈ ವಯಸ್ಸಿನಲ್ಲಿ ಸೂಜಿ ಚುಚ್ಚಿಸಿ ಯಾಕೆ ಹಿಂಸೆ" ಎಂದು ಬಯಾಪ್ಸಿ ಬೇಡವೆಂದರು. ಮೊಮ್ಮಗಳು ಹಠ ಹಿಡಿದು ಮಾಡಿಸಿದಳು. ಬಂದ ಉತ್ತರ ಟಿ.ಬಿ. ಆರು ತಿಂಗಳ ಔಷಧಿ ಮುಗಿಸಿದ ಅಜ್ಜಿ ಈಗಲೂ ಸಂಕ್ರಾಂತಿಗೆ ಎಳ್ಳು ಬೀರಲು ಬರುತ್ತಾರೆ.

ನೆರಳು ಎರಡೂ ಕಡೆ ಇತ್ತು. ಉತ್ತರ ಸಿಕ್ಕಿದ್ದು ಮಾತ್ರ ಎಕ್ಸ್‌ರೇಯಲ್ಲಲ್ಲ, ಸೂಕ್ಷ್ಮದರ್ಶಕದ ಕೆಳಗೆ.

ನೆರಳಿನ ಒಳಗೆ ಏನಿರಬಹುದು?

ಆರೋಗ್ಯವಂತ ಶ್ವಾಸಕೋಶ ಗಾಳಿ ತುಂಬಿದ ಸ್ಪಂಜಿನಂತೆ. ಬಲಗಡೆ ಮೂರು ಹಾಲೆ, ಎಡಗಡೆ ಎರಡು. ಗಾಳಿಕೊಳವೆಗಳು ಕವಲೊಡೆಯುತ್ತ ಹೋಗಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಲ್ಲಿ ಮುಗಿಯುತ್ತವೆ. ಗಾಳಿ ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣುತ್ತದೆ. ಗಾಳಿಯ ಜಾಗದಲ್ಲಿ ಕೀವು, ನೀರು, ಗಾಯದ ಕಲೆ, ಗಂಟು ಏನೇ ಬಂದರೂ ಅದು ಬಿಳಿಯಾಗಿ ಕಾಣುತ್ತದೆ. ಬಿಳಿ ಇದೆ ಎಂದಷ್ಟೇ ಎಕ್ಸ್‌ರೇ ಹೇಳುತ್ತದೆ. ಅದು ಏನು ಎಂಬುದನ್ನು ಹೇಳುವವರು ಪೆಥಾಲಜಿಸ್ಟ್, ಅಂದರೆ ರೋಗ ಹಿಡಿದ ಅಂಗಾಂಶವನ್ನೇ ಪರೀಕ್ಷಿಸುವ ವೈದ್ಯರು. ರೋಗಿ ಇವರ ಮುಖ ನೋಡುವುದೇ ಇಲ್ಲ. ಚಿಕಿತ್ಸೆಯೆಲ್ಲ ನಡೆಯುವುದು ಇವರ ಒಂದು ಹಾಳೆ ವರದಿಯ ಮೇಲೆ.

ನ್ಯುಮೋನಿಯಾದಲ್ಲಿ ಗಾಳಿಚೀಲಗಳು ಬಿಳಿ ರಕ್ತಕಣ ಮತ್ತು ದ್ರವದಿಂದ ತುಂಬಿರುತ್ತವೆ. ಬಹುಕಾಲ ಹೊಗೆ ಕುಡಿದವರಲ್ಲಿ ಚೀಲಗಳ ನಡುವಿನ ಗೋಡೆಗಳೇ ಹರಿದು ದೊಡ್ಡ ಪೊಳ್ಳುಗಳಾಗಿರುತ್ತವೆ. ಇದು ಎಂಫಿಸಿಮಾ. ಟಿ.ಬಿ.ಯಲ್ಲಿ ದೇಹ ರೋಗಾಣುವನ್ನು ಸುತ್ತುವರಿದು ಕೋಟೆ ಕಟ್ಟುತ್ತದೆ. ಗ್ರಾನ್ಯುಲೋಮಾ ಎಂಬ ಈ ಪುಟ್ಟ ಗಂಟಿನ ನಡುಭಾಗ ಸತ್ತು ಪನೀರಿನಂತೆ ಮೆತ್ತಗಾಗುತ್ತದೆ. ಅದು ಕೊಳವೆಗೆ ಒಡೆದು ಕೆಮ್ಮಿನಲ್ಲಿ ಹೊರಬಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಸ್ಕ್ವೇಮಸ್ ಎಂಬ ಬಗೆಯ ಕ್ಯಾನ್ಸರ್ ಗಂಟಿನ ನಡುಭಾಗವೂ ರಕ್ತ ಸಾಲದೆ ಸತ್ತು ಪೊಳ್ಳಾಗುವುದುಂಟು. ನಮ್ಮ ಮಾಮಾನ ಎಕ್ಸ್‌ರೇ ದಾರಿ ತಪ್ಪಿಸಿದ್ದು ಇಲ್ಲಿಯೇ.

ಗಂಟುಗಳಲ್ಲೂ ಬಗೆ

ಶ್ವಾಸಕೋಶದ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಮೃದ್ವಸ್ಥಿ, ಕೊಬ್ಬು ಸೇರಿ ಆಗುವ ಹ್ಯಾಮಾರ್ಟೋಮಾ ನಿರಪಾಯದ್ದು. ಹಳೆಯ ಟಿ.ಬಿ.ಯ ಕಲೆಯೂ ಗಂಟಿನಂತೆ ಕಾಣಬಹುದು. ಸ್ತನ, ಕರುಳು, ಮೂತ್ರಪಿಂಡದ ಕ್ಯಾನ್ಸರ್ ರಕ್ತದ ಮೂಲಕ ಬಂದು ಶ್ವಾಸಕೋಶದಲ್ಲಿ ನೆಲೆಸಿರಲೂಬಹುದು.

ಶ್ವಾಸಕೋಶದಲ್ಲೇ ಹುಟ್ಟುವ ಕ್ಯಾನ್ಸರ್‌ನಲ್ಲಿ ನೂರಕ್ಕೆ ಸುಮಾರು 15 ಸ್ಮಾಲ್ ಸೆಲ್ ಬಗೆಯದು. ಬೇಗ ಹರಡುವ ಇದಕ್ಕೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಗಿಂತ ಕೀಮೋಥೆರಪಿ, ರೇಡಿಯೋಥೆರಪಿಯೇ ಆಧಾರ. ಉಳಿದವುಗಳಲ್ಲಿ ಮುಖ್ಯವಾದವು ಎರಡು. ಸ್ಕ್ವೇಮಸ್ ಬಗೆ ಹೆಚ್ಚಾಗಿ ದೊಡ್ಡ ಕೊಳವೆಗಳ ಬಳಿ, ಬೀಡಿ-ಸಿಗರೇಟು ಸೇದಿದವರಲ್ಲಿ ಬರುತ್ತದೆ. ಅಡಿನೋಕಾರ್ಸಿನೋಮಾ ಹೆಚ್ಚಾಗಿ ಶ್ವಾಸಕೋಶದ ಅಂಚಿನಲ್ಲಿ ಬರುತ್ತದೆ. ಹೊಗೆಸೊಪ್ಪು ಮುಟ್ಟದ ಹೆಂಗಸರಲ್ಲಿ ಕಾಣುವುದು ಬಹುಪಾಲು ಇದೇ. "ನಮ್ಮಮ್ಮ ಒಂದು ದಿನವೂ ಸೇದಿಲ್ಲ, ಕ್ಯಾನ್ಸರ್ ಹೇಗೆ ಬಂದೀತು" ಎಂದು ಸುಮ್ಮನಿರುವಂತಿಲ್ಲ.

ಈ ವಿಂಗಡಣೆ ಬರೀ ಹೆಸರಿಗಲ್ಲ. ಅಡಿನೋಕಾರ್ಸಿನೋಮಾ ಎಂದು ತಿಳಿದರೆ ಅದೇ ತುಣುಕಿನಲ್ಲಿ ಇ.ಜಿ.ಎಫ್.ಆರ್., ಎ.ಎಲ್.ಕೆ. ಎಂಬ ಜೀನುಗಳ ಬದಲಾವಣೆಯನ್ನೂ ಪರೀಕ್ಷಿಸುತ್ತಾರೆ. ಅದು ಇದ್ದರೆ ಕೆಲವರಿಗೆ ಬರೀ ಗುಳಿಗೆಯಲ್ಲೇ ರೋಗ ವರ್ಷಗಟ್ಟಲೆ ಹಿಡಿತದಲ್ಲಿರುತ್ತದೆ.

ತುಣುಕಿನ ಪಯಣ

ಬಯಾಪ್ಸಿ ಎಂದರೆ ಹೆದರುವವರೇ ಹೆಚ್ಚು. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಹಾಗಾಗುವುದು ಬಹಳ ಅಪರೂಪ. ಕೆಲವರಿಗೆ ಸ್ವಲ್ಪ ರಕ್ತ ಬರಬಹುದು, ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಿಸಿಕೊಂಡು ನೋಡುತ್ತಾರೆ.

ತೆಗೆದ ತುಣುಕು ಅಕ್ಕಿಕಾಳಿಗಿಂತ ದೊಡ್ಡದೇನಲ್ಲ. ಅದನ್ನು ಫಾರ್ಮಲಿನ್‌ನಲ್ಲಿ ಹಾಕಿ ಕೆಡದಂತೆ ಮಾಡುತ್ತಾರೆ, ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ, ಮಿಲಿಮೀಟರಿನ ಸಾವಿರದಲ್ಲಿ ಮೂರು-ನಾಲ್ಕು ಪಾಲಿನಷ್ಟು ತೆಳ್ಳಗೆ ಸೀಳಿ ಗಾಜಿನ ಮೇಲೆ ಹಚ್ಚಿ ಬಣ್ಣ ಹಾಕುತ್ತಾರೆ. ಜೀವಕೋಶದ ಬೀಜ ನೀಲಿ, ಉಳಿದದ್ದು ಗುಲಾಬಿ. ಬೇಕಾದಲ್ಲಿ ವಿಶೇಷ ಬಣ್ಣಗಳ ಪರೀಕ್ಷೆಯೂ ಆಗುತ್ತದೆ. ವರದಿಗೆ ಕೆಲವು ದಿನ ಹಿಡಿಯುವುದು ಇದಕ್ಕೇ.

ಇಲ್ಲಿ ಒಂದು ಮಾತು ನೆನಪಿಡಬೇಕು. ಫಾರ್ಮಲಿನ್‌ಗೆ ಬಿದ್ದರೆ ಟಿ.ಬಿ. ರೋಗಾಣು ಸಾಯುತ್ತದೆ, ಮತ್ತೆ ಬೆಳೆಸಿ ನೋಡಲು ಬರುವುದಿಲ್ಲ. ಟಿ.ಬಿ.ಯ ಅನುಮಾನವಿದ್ದರೆ ಒಂದು ತುಣುಕನ್ನು ಬೇರೆಯಾಗಿ, ಬರೀ ಸಲೈನ್‌ನಲ್ಲಿ ಕಳಿಸಬೇಕು. "ಒಂದು ಸ್ಯಾಂಪಲ್ ಟಿ.ಬಿ. ಪರೀಕ್ಷೆಗೂ ಹೋಗುತ್ತದೆಯೇ?" ಎಂದು ಮೊದಲೇ ಕೇಳುವುದು ತಪ್ಪಲ್ಲ.

ಧೂಳಿನ ಋಣ

ನಮ್ಮ ಕಡೆಯ ಹಿರಿಯರ ಶ್ವಾಸಕೋಶದಲ್ಲಿ ಅವರು ದುಡಿದ ಜಾಗವೂ ಉಳಿದಿರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ಸೂಕ್ಷ್ಮ ಧೂಳು ಒಳಗೆ ಕೂತು ಗಟ್ಟಿ ಗಂಟುಗಳನ್ನು ಮಾಡುವ ರೋಗವಿದು. ಆ ಗಣಿ 2001ರಲ್ಲಿ ಮುಚ್ಚಿತು, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿಗಾರಿಕೆ ನಡೆದೇ ಇದೆ. ಕಲ್ಲು ಕೊರೆಯುವ, ಒಡೆಯುವ, ಹೊಳಪು ಹಾಕುವ ಕೆಲಸ ಎಲ್ಲಿದ್ದರೂ ಈ ಭಯ ಇದೆ. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬೇಗ ತಗಲುತ್ತದೆ, ಕ್ಯಾನ್ಸರ್‌ನ ಸಾಧ್ಯತೆಯೂ ಹೆಚ್ಚು. ಆಸ್ಬೆಸ್ಟಾಸ್ ನಾರಿನಿಂದ ಶ್ವಾಸಕೋಶದ ಹೊದಿಕೆಗೆ ಬರುವ ಮೆಸೋಥೀಲಿಯೋಮಾ, ಕೆಲಸ ಬಿಟ್ಟು ಇಪ್ಪತ್ತು-ಮೂವತ್ತು ವರ್ಷದ ಮೇಲೂ ತಲೆಯೆತ್ತಬಹುದು. ಆದ್ದರಿಂದ ವೈದ್ಯರ ಮುಂದೆ ಕೂತಾಗ ಈಗಿನ ಕೆಲಸವನ್ನಷ್ಟೇ ಅಲ್ಲ, ಹರೆಯದಲ್ಲಿ ಮಾಡಿದ ಕೆಲಸವನ್ನೂ ಹೇಳಬೇಕು. ಸೌದೆ ಒಲೆಯ ಮುಂದೆ ಕಳೆದ ವರ್ಷಗಳನ್ನು ಅಮ್ಮಂದಿರು ಹೇಳಬೇಕು.

ಜೂನ್‌ನಲ್ಲಿ ಮೃಗಶಿರ ಮಳೆ ಕೂಡುವ ಹೊತ್ತಿಗೆ ನಾಂಪಲ್ಲಿ ಮೈದಾನದ ಮೀನಿನ ಪ್ರಸಾದಕ್ಕೆಂದು ನಮ್ಮ ಮನೆಗಳು ನೆಂಟರಿಂದ ತುಂಬುತ್ತವೆ. ಅದು ಆಸ್ತಮಾ ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನಂಬಿಕೆಯಿಂದ ಹೋಗುವವರು ಹೋಗಲಿ. ಆದರೆ ಇನ್ಹೇಲರ್ ಬಿಡಬಾರದು, ಮತ್ತು ಅವರ ದಮ್ಮು ನಿಜಕ್ಕೂ ಆಸ್ತಮಾವೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿರಬೇಕು.

'ಆಯಾಸ'ದ ಗೊಂದಲ

ಸಂಘದ ಸದಸ್ಯರು ಮಾಡಬಹುದಾದ ದೊಡ್ಡ ಸಹಾಯ ಭಾಷೆಯದು. ಕನ್ನಡದಲ್ಲಿ ಆಯಾಸ ಎಂದರೆ ದಣಿವು, ತೆಲುಗಿನಲ್ಲಿ ಆಯಾಸಂ ಎಂದರೆ ಏದುಸಿರು. ವೈದ್ಯರು "ಆಯಾಸಂ ಉಂದಾ?" ಎಂದು ಕೇಳಿದಾಗ ಮಾಮಾ, "ಇಲ್ರೀ, ಆಯಾಸ ಏನಿಲ್ಲ, ಮೆಟ್ಟಲ ಏರಿದ್ರ ದಮ್ಮ ಹತ್ತತದ ಅಷ್ಟೇ" ಎಂದಿದ್ದರು. ವೈದ್ಯರು 'ಇಲ್ಲ' ಎಂದು ಬರೆದುಕೊಂಡಿದ್ದರು. ಪಕ್ಕದಲ್ಲಿ ಕೂತಿದ್ದ ನಾನು ಹೇಳಿದ ಮೇಲೆ ತಿದ್ದಿದರು. ಎರಡೂ ಭಾಷೆ ಬಲ್ಲವರು ಜತೆಗೆ ಹೋಗಬೇಕಾದ್ದು ಇದಕ್ಕೆ.

ವಿಕಾರಾಬಾದ್ ಬಳಿಯ ಅನಂತಗಿರಿಯಲ್ಲಿ ನಿಜಾಮರ ಕಾಲದ ಟಿ.ಬಿ. ಸ್ಯಾನಿಟೋರಿಯಂ ಇದೆ. ನಮ್ಮೂರ ರೈಲುಗಳು ಆ ದಾರಿಯಲ್ಲೇ ಬರುತ್ತವೆ. ಔಷಧಿ ಇಲ್ಲದ ದಿನಗಳಲ್ಲಿ ಬೆಟ್ಟದ ಗಾಳಿ, ವಿಶ್ರಾಂತಿಗಳೇ ಚಿಕಿತ್ಸೆಯಾಗಿದ್ದವು. ಈಗ ಹಾಗಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ, ಟಿ.ಬಿ. ಇದ್ದರೆ ಔಷಧಿ, ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಎರ್ರಗಡ್ಡದ ಸರ್ಕಾರಿ ಚೆಸ್ಟ್ ಆಸ್ಪತ್ರೆ ಶ್ವಾಸಕೋಶದ ರೋಗಗಳಿಗೇ ಮೀಸಲು. ಕ್ಯಾನ್ಸರ್‌ಗೆ ರೆಡ್‌ಹಿಲ್ಸ್‌ನಲ್ಲಿ 1955ರಲ್ಲಿ ಆರಂಭವಾದ ಎಂ.ಎನ್.ಜೆ. ಆಸ್ಪತ್ರೆ ಇದೆ. ಊರಿಗೆ ಮರಳಬೇಕಾದವರಿಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ.

ಮನೆಯವರು ಇಷ್ಟು ನೋಡಿಕೊಂಡರೆ ಸಾಕು. ಕಫದ ಪರೀಕ್ಷೆ ಆಗದೆ ಟಿ.ಬಿ. ಗುಳಿಗೆ ಶುರುವಾದರೆ, ಏಕೆ ಎಂದು ಕೇಳಿ. ಗುಳಿಗೆ ಹಿಡಿಸಿದರೆ ಕೆಲವು ವಾರಗಳಲ್ಲೇ ಜ್ವರ ಇಳಿದು ಹಸಿವು, ತೂಕ ಏರಬೇಕು. ಎರಡು ತಿಂಗಳಾದರೂ ಏರದಿದ್ದರೆ, ಕಫದಲ್ಲಿ ರಕ್ತ ಕಂಡರೆ, ದನಿ ಒಡೆದರೆ ಮತ್ತೆ ತೋರಿಸಿ. ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಆಸ್ಪತ್ರೆ ಬದಲಿಸುವಾಗ ವರದಿಯ ಜತೆ ಗಾಜಿನ ಸ್ಲೈಡ್, ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಇನ್ನೊಬ್ಬ ಪೆಥಾಲಜಿಸ್ಟ್ ನೋಡಲು ಅವು ಬೇಕು.

ಮಾಮಾನ ಎಕ್ಸ್‌ರೇ ಸುರುಳಿ ಇನ್ನೂ ನಮ್ಮ ಅಟ್ಟದ ಮೇಲಿದೆ. ಮುಂದಿನ ಸಲ ಊರಿನಿಂದ ಯಾರಾದರೂ ಅಂಥದ್ದೊಂದು ಸುರುಳಿ ಹಿಡಿದು ನಿಮ್ಮ ಮನೆಗೆ ಬಂದರೆ, ಚಹಾ ಕೊಟ್ಟ ಮೇಲೆ ಕೇಳುವ ಮೊದಲ ಪ್ರಶ್ನೆ ಇದಾಗಿರಲಿ: "ಕಫ ಪರೀಕ್ಷಾ ಮಾಡಿಸೀರೇನ್ರೀ?"