ಕೊಡವ ಕುಟುಂಬಗಳ ಹಾಕಿ ಹಬ್ಬ

ಕೊಡಗಿನಲ್ಲಿ ಬೇಸಿಗೆ ರಜೆ ಬಂತೆಂದರೆ ಹಾಕಿಯ ಸಡಗರ. ಇಲ್ಲಿ ಸೆಣಸುವುದು ಕ್ಲಬ್ಬುಗಳಲ್ಲ, ಕುಟುಂಬಗಳು. ಒಂದೇ ಮನೆತನದ ಹೆಸರು ಹೊತ್ತವರು ಒಂದು ತಂಡವಾಗಿ ಮೈದಾನಕ್ಕಿಳಿಯುತ್ತಾರೆ.

ಈ ಹಬ್ಬ ಶುರುವಾದದ್ದು 1997ರಲ್ಲಿ, ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ. ಬ್ಯಾಂಕ್ ಉದ್ಯೋಗಿಯೂ ಹಾಕಿ ತೀರ್ಪುಗಾರರೂ ಆಗಿದ್ದ ಪಾಂಡಂಡ ಕುಟ್ಟಪ್ಪ ಇದರ ರೂವಾರಿ. ಊರೂರಿಗೆ ಚದುರಿದ ಕೊಡವರನ್ನು ಒಂದೆಡೆ ಸೇರಿಸುವುದು, ಎಳೆಯರಲ್ಲಿ ಆಟದ ಹುರುಪು ತುಂಬುವುದು ಅವರ ಆಸೆಯಾಗಿತ್ತು. ಮೊದಲ ವರ್ಷ 60 ತಂಡಗಳು ಆಡಿದವು.

ಪ್ರತಿ ವರ್ಷ ಒಂದು ಕುಟುಂಬ ಆತಿಥ್ಯ ವಹಿಸುತ್ತದೆ. ಆ ವರ್ಷದ ಕಪ್‌ಗೆ ಅದರದೇ ಹೆಸರು. ಹಣ ಹೊಂದಿಸುವುದು, ಮೈದಾನ ಹದಗೊಳಿಸುವುದು, ಗ್ಯಾಲರಿ ಕಟ್ಟಿಸುವುದು ಎಲ್ಲವೂ ಆ ಮನೆತನದ ಹೊಣೆ. ಹೀಗೆ ಹಬ್ಬ ಊರಿಂದೂರಿಗೆ ಸಾಗುತ್ತದೆ. ನಾಪೋಕ್ಲುವಿನ ಚೆರಿಯಪರಂಬು ಮೈದಾನ ಹಲವು ಬಾರಿ ಇದಕ್ಕೆ ಅಂಗಳವಾಗಿದೆ.

ವಯಸ್ಸಿನ ಕಟ್ಟುಪಾಡಿಲ್ಲ. ಶಾಲಾ ಬಾಲಕನ ಪಕ್ಕದಲ್ಲೇ ಅಜ್ಜ ಸ್ಟಿಕ್ ಹಿಡಿಯಬಹುದು. ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡುತ್ತಾರೆ. ಮಕ್ಕಳು ದೊಡ್ಡವರ ಜೊತೆ ಆಡುತ್ತಲೇ ಪಾಸ್ ಕೊಡುವುದನ್ನೂ ಚೆಂಡು ತಡೆಯುವುದನ್ನೂ ಕಲಿಯುತ್ತಾರೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥ ಭಾರತ ತಂಡದ ನಾಯಕರನ್ನು ಕೊಟ್ಟ ನೆಲದಲ್ಲಿ ಆಟದ ಬೇರು ಗಟ್ಟಿಯಾಗಿ ಉಳಿಯಲು ಇದು ದೊಡ್ಡ ಆಸರೆ.

ಕೋವಿಡ್ ಕಾಲದಲ್ಲಿ ನಿಂತಿದ್ದ ಹಬ್ಬ 2023ರಲ್ಲಿ ನಾಪೋಕ್ಲುವಿನಲ್ಲಿ ಮರಳಿ ನಡೆಯಿತು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಪಾಲ್ಗೊಂಡು ಗಿನ್ನೆಸ್ ದಾಖಲೆ ಬರೆದವು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ಆತಿಥ್ಯ ವಹಿಸಿತು.