ಹಳೆಯ ಕಚೇರಿ ಎಕ್ಸ್‌ಚೇಂಜಿಗೆ ಮರುಜೀವ

ಕಚೇರಿಗೆ ಹೊರಗಿನಿಂದ ಬರುವ ಟೆಲಿಫೋನ್ ತಂತಿ ಒಂದೋ ಎರಡೋ. ಒಳಗೆ ಮಾತನಾಡಬೇಕಾದವರು ಹತ್ತಾರು ಮಂದಿ. ಈ ತೊಡಕನ್ನು ಬಿಡಿಸಲೆಂದೇ ಖಾಸಗಿ ಎಕ್ಸ್‌ಚೇಂಜ್ ಹುಟ್ಟಿಕೊಂಡಿತು. ಗಿರಣಿಗಳಲ್ಲಿ, ಬ್ಯಾಂಕುಗಳಲ್ಲಿ ಗೋಡೆಗೆ ಒರಗಿ ನಿಂತ ಕಬ್ಬಿಣದ ಕಪಾಟಿನೊಳಗಿಂದ ಟಕಟಕ ಸದ್ದು ಕೇಳಿಬರುತ್ತಿದ್ದುದನ್ನು ಹಿರಿಯ ಕೇಳುಗರು ಮರೆತಿರಲಾರರು. ಅಂಥ 25 ತಂತಿಗಳ ಕಪಾಟೊಂದು ಹರಪನಹಳ್ಳಿಯ ಗುಜರಿಯಲ್ಲಿ ತೂಕದ ಬೆಲೆಗೆ ನನಗೆ ದೊರೆಯಿತು. ತೆಲಿಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅದೀಗ ನಡೆಯುತ್ತಿದೆ.

ನಮ್ಮ ನಾಡಿಗೂ ಈ ಯಂತ್ರಗಳಿಗೂ ಇರುವ ನಂಟು ಸಣ್ಣದಲ್ಲ. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಆರಂಭವಾಯಿತು. ಅಲ್ಲಿ ತಯಾರಾದದ್ದು, ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ತತ್ತ್ವದ ಎಕ್ಸ್‌ಚೇಂಜು. ಸ್ಟ್ರೌಜರ್ ಎಂಜಿನಿಯರನಲ್ಲ, ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯವನು ಎಂಬುದು ವಿಚಿತ್ರವಾದರೂ ನಿಜ.

ಈ ಕಪಾಟಿನ ಜೀವಾಳ ರಿಲೇ. ಕಬ್ಬಿಣದ ದಿಂಡಿಗೆ ತಂತಿ ಸುತ್ತಿರುತ್ತದೆ; ವಿದ್ಯುತ್ತು ಹರಿದಾಗ ದಿಂಡು ಅಯಸ್ಕಾಂತವಾಗಿ ಎದುರಿನ ಪಟ್ಟಿಯನ್ನು ಸೆಳೆಯುತ್ತದೆ; ಪಟ್ಟಿ ಅಲುಗಿದೊಡನೆ ಲೋಹದ ಮೊನೆಗಳು ಕೂಡುತ್ತವೆ ಅಥವಾ ಅಗಲುತ್ತವೆ. ನೀವು ರಿಸೀವರ್ ಎತ್ತಿದಾಗ ಮೊದಲ ರಿಲೇ ಸೆಳೆಯುತ್ತದೆ. 5ನ್ನು ಡಯಲ್ ಮಾಡಿದರೆ, ಡಯಲು ಹಿಂದಿರುಗುವಾಗ ವಿದ್ಯುತ್ತನ್ನು ಐದು ಸಲ ಕಡಿಯುತ್ತದೆ, ಸೆಕೆಂಡಿಗೆ ಹತ್ತರ ವೇಗದಲ್ಲಿ. ಆದರೆ ಮಾತು ಮುಗಿಸಿ ರಿಸೀವರ್ ಇಟ್ಟಾಗಲೂ ವಿದ್ಯುತ್ತು ಕಡಿಯುವುದಷ್ಟೆ? ಯಾವುದು ಅಂಕಿ, ಯಾವುದು ವಿದಾಯ ಎಂದು ಬುದ್ಧಿಯಿಲ್ಲದ ಯಂತ್ರ ಅರಿಯುವುದೆಂತು?

ಉತ್ತರವಿರುವುದು ಎರಡನೆಯ ರಿಲೇಯ ದಿಂಡಿಗೆ ತೊಡಿಸಿದ ದಪ್ಪ ತಾಮ್ರದ ಬಳೆಯಲ್ಲಿ. ಮೊದಲ ರಿಲೇ ಬಿಟ್ಟಾಗ ಎರಡನೆಯದಕ್ಕೂ ವಿದ್ಯುತ್ತು ನಿಲ್ಲುತ್ತದೆ. ಆದರೆ ಅದರ ಅಯಸ್ಕಾಂತ ಶಕ್ತಿ ಕುಗ್ಗತೊಡಗಿದೊಡನೆ ಬಳೆಯಲ್ಲಿ ತಾನಾಗಿ ವಿದ್ಯುತ್ತು ಸುತ್ತತೊಡಗಿ, ಆ ಕುಗ್ಗುವಿಕೆಯನ್ನು ತಡೆಯುತ್ತದೆ. ಹೀಗಾಗಿ ಅದು ತುಸು ಹೊತ್ತು ಹಿಡಿದೇ ಇರುತ್ತದೆ. ಡಯಲಿನ ಒಂದು ಕಡಿತ ಸೆಕೆಂಡಿನ ಹದಿನೈದನೆಯ ಒಂದು ಪಾಲು ಮಾತ್ರ. ಅಷ್ಟರಲ್ಲಿ ಬಳೆಯ ರಿಲೇ ಬಿಡುವುದಿಲ್ಲ. ರಿಸೀವರ್ ಇಟ್ಟರೆ ಮಾತ್ರ ಕಾದು ಕಾದು ಕೊನೆಗೆ ಬಿಡುತ್ತದೆ, ಸಂಪರ್ಕವೂ ಕಡಿಯುತ್ತದೆ. ಇಷ್ಟು ಸರಳ ಉಪಾಯವನ್ನು ಕಣ್ಣಾರೆ ಕಂಡ ದಿನ ನನಗೆ ಊಟ ರುಚಿಸಲಿಲ್ಲ, ಸಂತೋಷದಿಂದ.

ನನಗೆ ಸಿಕ್ಕ ಕಪಾಟಿನಲ್ಲಿ ಎರಡು ರಿಲೇಗಳ ಸುರುಳಿ ತಾಮ್ರದ ಆಸೆಗೆ ಆಗಲೇ ಬಿಚ್ಚಿಹೋಗಿತ್ತು. ಅದೇ ಬಗೆಯ, ಕೆಡದ ರಿಲೇಯನ್ನು ಅಳೆದು, ಪಂಪ್‌ಸೆಟ್ಟಿನ ಮೋಟಾರು ಸುತ್ತುವವರೊಬ್ಬರಿಂದ ಹೊಸ ಸುರುಳಿ ಸುತ್ತಿಸಿದೆ. ಮೊನೆಗಳಿಗೆ ಮಾತ್ರ ಎಮರಿ ಕಾಗದ ಮುಟ್ಟಿಸಬಾರದು, ಲೋಹವೇ ಸವೆದುಹೋಗುತ್ತದೆ. ದಪ್ಪ ಬಿಳಿ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಮೆಲ್ಲನೆ ಎಳೆದರೆ ನಮ್ಮ ಕಡೆಯ ಧೂಳೆಲ್ಲ ಬಂದುಬಿಡುತ್ತದೆ. ನೂಲಿನ ಹೊದಿಕೆಯ ಕೇಬಲ್ಲು ತೇವ ಹೀರಿರುವುದುಂಟು. ಬಿಸಿಲಿಗೆ ಒಣಗಿಸಿದ ಬಳಿಕವೇ ವಿದ್ಯುತ್ತು ಕೊಡಬೇಕು. ಹಳೆಯ ಸೆಲೆನಿಯಂ ರೆಕ್ಟಿಫೈಯರ್ ಸುಟ್ಟರೆ ಬರುವ ಹೊಗೆ ವಿಷಕರವಾದ್ದರಿಂದ ಅದನ್ನು ತೆಗೆದು ಸಿಲಿಕಾನ್ ಡಯೋಡ್ ಹಾಕಿದೆ. ಆಗ ವೋಲ್ಟೇಜು ಏರುತ್ತದಾಗಿ ಜೊತೆಗೊಂದು ರೆಸಿಸ್ಟರನ್ನೂ ಸೇರಿಸಬೇಕಾಯಿತು.

ರಿಲೇಗಳನ್ನೆಲ್ಲ ಕಿತ್ತು, ಒಳಗೆ ಅಂಗೈಯಗಲದ ಎಲೆಕ್ಟ್ರಾನಿಕ್ ಹಲಗೆಯೊಂದನ್ನು ಅಡಗಿಸಿದರೆ ಕೆಲಸ ಸುಲಭವೆಂದು ಮಿತ್ರರು ಹೇಳಿದರು. ಸುಲಭವೇನೋ ಹೌದು. ಕೊಟ್ಟೂರಿನ ತೇರಿನೊಳಗೆ ಎಂಜಿನ್ ಕೂಡಿಸಿದರೂ ತೇರು ಸಾಗೀತು. ಮಿಣಿ ಹಿಡಿಯುವವರು ಏನು ಮಾಡಬೇಕು? ಪ್ರಯೋಗಕ್ಕೆ ನಾನು ವಿರೋಧಿಯಲ್ಲ. ಗುಂಡಿ ಒತ್ತುವ ಫೋನನ್ನೂ ಜೋಡಿಸಿ ನೋಡಿದೆ. ಅದು ಹೊರಡಿಸುವ ನಾದ ಈ ಯಂತ್ರಕ್ಕೆ ಅರ್ಥವಾಗಲಿಲ್ಲ. ಫೋನಿನ ಅಡಿಯ ಸ್ವಿಚ್ಚನ್ನು ಪಲ್ಸ್ ಎಂಬಲ್ಲಿಗೆ ಸರಿಸಿದೊಡನೆ ರಿಲೇಗಳು ಸಲೀಸಾಗಿ ಓಗೊಟ್ಟವು. ಗಂಟೆಗೆ ಮಾತ್ರ ಮನೆಯ 50 ಆವರ್ತದ ವಿದ್ಯುತ್ತು ಒಗ್ಗದು; ಸುತ್ತಿಗೆ ಅಷ್ಟು ಬೇಗ ಆಡಲಾರದೆ ತೊದಲುತ್ತದೆ. ಸುಮಾರು 75 ವೋಲ್ಟಿನ, 25 ಆವರ್ತದ ವಿದ್ಯುತ್ತನ್ನು ಬೇರೆಯೇ ಒದಗಿಸಬೇಕು. ಮುಟ್ಟಿದರೆ ಹೊಡೆಯುತ್ತದೆ, ಎಚ್ಚರ.

ಇವು ಮೂಲೆಗೆ ಸರಿದ ಕಥೆಯೂ ನಮ್ಮ ನಾಡಿನದೇ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ 128 ತಂತಿಗಳ ಎಲೆಕ್ಟ್ರಾನಿಕ್ ಗ್ರಾಮೀಣ ಎಕ್ಸ್‌ಚೇಂಜು 1986ರ ಜುಲೈಯಲ್ಲಿ ಮೊದಲು ನಡೆದದ್ದು ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ, ಸದ್ದಿಲ್ಲದ ಆ ಪೆಟ್ಟಿಗೆಯೆದುರು ಕಬ್ಬಿಣದ ಕಪಾಟುಗಳು ನಿಲ್ಲಲಿಲ್ಲ. ನಿಂತದ್ದಕ್ಕೆ ನನ್ನ ದೂರಿಲ್ಲ. ಹಳ್ಳಿಗೆ ಮಾತು ತಂದದ್ದು ಹೊಸತೇ. ರಿಲೇಯ ಸ್ಪ್ರಿಂಗನ್ನು ಎಷ್ಟು ಬಗ್ಗಿಸಬೇಕೆಂದು ಬೆರಳಿನಿಂದಲೇ ಬಲ್ಲ ನಿವೃತ್ತ ಮೆಕ್ಯಾನಿಕರು ಮಾತ್ರ ಈಗ ಬಹಳ ಮಂದಿ ಉಳಿದಿಲ್ಲ. ನನಗೆ ಅದನ್ನು ಕಲಿಸಿದವರಿಗೆ ಎಂಬತ್ತು ದಾಟಿದೆ.

ನಿಮ್ಮ ಊರಿನ ಗುಜರಿಯಲ್ಲಿ ಇಂಥ ಕಪಾಟು ಕಂಡರೆ ಮೊದಲು ಬಾಗಿಲಿನ ಒಳಮೈಯನ್ನು ನೋಡಿ. ಜೋಡಣೆಯ ನಕ್ಷೆಯನ್ನು ಅಲ್ಲಿಯೇ ಅಂಟಿಸಿರುವುದುಂಟು. ಇದ್ದರೆ, ಒಂದು ತಂತಿಯನ್ನೂ ಬಿಚ್ಚುವ ಮುನ್ನ ಅದರ ನಕಲು ತೆಗೆದುಕೊಳ್ಳಿ. ಹಳೆಯ ಕಾಗದ ಒರೆಸಿದರೇ ಉದುರಿಹೋಗುತ್ತದೆ.