ಕಪ್ಪೆಗೂ ಕ್ಯಾಟ್‌ಫಿಶ್‌ಗೂ ಒಂದೇ ತೊಟ್ಟಿ ಸಾಕೆ?

ಸೇಲಂನ ಅಕ್ವೇರಿಯಂ ಅಂಗಡಿಗಳಲ್ಲಿ ಗಪ್ಪಿ, ಗೋಲ್ಡ್‌ಫಿಶ್‌ಗಳ ನಡುವೆ ಒಮ್ಮೊಮ್ಮೆ ಹೆಬ್ಬೆರಳ ತುದಿಯಷ್ಟು ಕಪ್ಪೆಗಳೂ ಮಾರಾಟಕ್ಕೆ ಇರುತ್ತವೆ. ಇವು ನಮ್ಮ ಕೆರೆಯ ಕಪ್ಪೆಗಳಲ್ಲ. ದಡಕ್ಕೆ ಹತ್ತದೆ ಆಯುಷ್ಯವಿಡೀ ನೀರಿನಲ್ಲೇ ಕಳೆಯುವ ಆಫ್ರಿಕದ ಜಾತಿಗಳು. ಪಕ್ಕದ ತೊಟ್ಟಿಯಲ್ಲಿ ಮೀಸೆ ಆಡಿಸುತ್ತ ಮರಳು ಕೆದಕುವ ಕ್ಯಾಟ್‌ಫಿಶ್. ಎರಡನ್ನೂ ಒಟ್ಟಿಗೆ ಬಿಡಬಹುದೇ ಎಂದು ಕೇಳಿದರೆ, "ಧಾರಾಳವಾಗಿ ಬಿಡಿ, ಎರಡೂ ತಳದಲ್ಲೇ ಇರುತ್ತವೆ" ಎಂಬ ಉತ್ತರ ಬರುವುದುಂಟು. ನನ್ನ ತಕರಾರು ಆ ಕಾರಣದ ಮೇಲೆಯೇ. ಎರಡೂ ತಳದಲ್ಲಿ ಇರುವುದೇ ತೊಡಕು.

ಕ್ಯಾಟ್‌ಫಿಶ್ ಕಣ್ಣನ್ನು ಹೆಚ್ಚು ನೆಚ್ಚಿಕೊಂಡ ಮೀನಲ್ಲ. ಅದರ ಮೀಸೆಯ ಮೇಲೆ ಮಾತ್ರವಲ್ಲ, ಮೈಮೇಲೆಲ್ಲ ರುಚಿಮೊಗ್ಗುಗಳಿವೆ. ಕೆಲವು ಜಾತಿಗಳಲ್ಲಿ ಅವುಗಳ ಲೆಕ್ಕ ಲಕ್ಷ ದಾಟುತ್ತದೆ. ಕೆಸರು ನೀರಿನ ಕತ್ತಲಲ್ಲೂ ಹುಳು ಎಲ್ಲಿದೆ ಎಂದು ಅದಕ್ಕೆ ಮೈಯೇ ಹೇಳುತ್ತದೆ. ಈ ಆಫ್ರಿಕದ ಕಪ್ಪೆಗಳ ಬದುಕೂ ಕೆಸರಿನಲ್ಲಿ ರೂಪುಗೊಂಡದ್ದೇ. ಅವಕ್ಕೆ ನಾಲಿಗೆ ಇಲ್ಲ. ಮೂಸಿ, ಮುಟ್ಟಿ ತಿಳಿದುಕೊಂಡು, ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತವೆ. ದೊಡ್ಡ ಜಾತಿಯದಾದರೆ ಮುಂಗೈಗಳಿಂದ ಬಾಯೊಳಕ್ಕೆ ತುರುಕಿಕೊಳ್ಳುತ್ತದೆ. ಅದರ ಪಕ್ಕೆಯಲ್ಲಿ ದಬ್ಬಳದಿಂದ ಹೊಲಿಗೆ ಹಾಕಿದಂತೆ ಸಾಲುಸಾಲು ಗೀರುಗಳು ಕಾಣುತ್ತವೆ. ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುವ ಅಂಗಗಳು ಅವು. ಮೀನಿಗೆ ಇರುವಂಥದ್ದೇ. ಬಹುಪಾಲು ಕಪ್ಪೆಗಳು ಗೊದಮೊಟ್ಟೆಯ ಕಾಲಕ್ಕೇ ಕಳೆದುಕೊಳ್ಳುವ ಈ ಅಂಗವನ್ನು ಇದು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಇಬ್ಬರದೂ ಒಂದೇ ಕಸುಬು, ಒಂದೇ ಜಾಗ, ಒಂದೇ ಊಟ. ಹೀಗಾದಾಗ ಯಾರ ಬಾಯಿ ದೊಡ್ಡದು ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಆದ್ದರಿಂದ ಕೊಳ್ಳುವ ಮೊದಲು ಕಪ್ಪೆ ಯಾವುದೆಂದು ತಿಳಿಯಬೇಕು. ಒಂದು, ಕುಬ್ಜ ಕಪ್ಪೆ. ಬೆಳೆದರೂ ಮೂರು ನಾಲ್ಕು ಸೆಂಟಿಮೀಟರ್ ದಾಟದು. ಇನ್ನೊಂದು, ವಿಜ್ಞಾನಿಗಳು ಝೆನೊಪಸ್ ಎನ್ನುವ ಉಗುರಿನ ಕಪ್ಪೆ. ಇದರ ಹೆಣ್ಣು ಹತ್ತು ಸೆಂಟಿಮೀಟರ್ ಮೀರಿ ಬೆಳೆದು ಅಂಗೈ ತುಂಬುತ್ತದೆ. ಮರಿಗಳಾಗಿದ್ದಾಗ ಎರಡೂ ಒಂದೇ ಅಳತೆ. ಗಾಜಿಗೆ ಮುಖವಿಟ್ಟು ಮುಂಗೈಗಳನ್ನು ನೋಡಿ. ಬೆರಳುಗಳ ನಡುವೆ ಪೊರೆ ಇದ್ದರೆ ಕುಬ್ಜ ಕಪ್ಪೆ, ಬೆರಳುಗಳು ಬಿಡಿಬಿಡಿಯಾಗಿದ್ದರೆ ಉಗುರಿನ ಕಪ್ಪೆ. ಬಿಳಿಯ, ಕೆಂಪು ಕಣ್ಣಿನ ಮರಿ ಕಂಡರೆ ಬಹುಮಟ್ಟಿಗೆ ಇದೇ ಎರಡನೆಯದು.

ಉಗುರಿನ ಕಪ್ಪೆಯ ಮೇಲೆ ನನಗೆ ಗೌರವವಿದೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಲ್ಯಾನ್ಸಲಾಟ್ ಹಾಗ್ಬೆನ್ 1930ರ ಸುಮಾರಿಗೆ ಇದರ ಮೇಲೆ ಹಾರ್ಮೋನುಗಳ ಪ್ರಯೋಗ ನಡೆಸಿದ. ಬಸುರಿಯ ಮೂತ್ರವನ್ನು ಹೆಣ್ಣು ಕಪ್ಪೆಗೆ ಚುಚ್ಚಿದರೆ ಒಂದು ದಿನದೊಳಗೆ ಅದು ಮೊಟ್ಟೆಯಿಡುತ್ತದೆ ಎಂಬ ಪರೀಕ್ಷೆ ಅಲ್ಲಿಂದಲೇ ಹುಟ್ಟಿತು. ದಶಕಗಳ ಕಾಲ ಜಗತ್ತಿನ ಆಸ್ಪತ್ರೆಗಳಿಗೆ ಈ ಕಪ್ಪೆ ಹಡಗೇರಿ ಹೋಯಿತು. ಜಾನ್ ಗರ್ಡನ್‌ಗೆ 2012ರಲ್ಲಿ ನೊಬೆಲ್ ತಂದುಕೊಟ್ಟ ತದ್ರೂಪು ಸೃಷ್ಟಿಯ ಪ್ರಯೋಗವೂ ಇದರ ಮೊಟ್ಟೆಯ ಮೇಲೆ ನಡೆದದ್ದು. ಆದರೆ ತೊಟ್ಟಿಯೊಳಗೆ ಅದು ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುವ ಪ್ರಾಣಿ. ಅದರ ಜೊತೆಗೆ ಯಾವ ಮೀನನ್ನೂ ಬಿಡಬಾರದು, ಕ್ಯಾಟ್‌ಫಿಶ್ ಅನ್ನಂತೂ ಬಿಡಲೇಬಾರದು.

ಕಾರಣ ಮುಳ್ಳು. ಅಂಗಡಿಯವರು ಕೋರಿ ಎನ್ನುವ ಪುಟ್ಟ ಕೋರಿಡೋರಾಸ್ ಕ್ಯಾಟ್‌ಫಿಶ್ ಅನ್ನು ಬಲೆಯಲ್ಲಿ ಎತ್ತಿ ನೋಡಿ. ಎರಡು ಪಕ್ಕದ ರೆಕ್ಕೆಗಳ ಮುಂದಿನ ಮುಳ್ಳು, ಬೆನ್ನಿನ ಮುಳ್ಳು, ಮೂರೂ ಸೆಟೆದು ನಿಲ್ಲುತ್ತವೆ. ಬಲೆಯ ನೂಲಿಗೆ ಸಿಕ್ಕಿಕೊಂಡರೆ ಎಷ್ಟು ಎಳೆದರೂ ಮಡಚುವುದಿಲ್ಲ, ಏಕೆಂದರೆ ಮುಳ್ಳಿನ ಬುಡ ಮೂಳೆಯ ಗೂಡಿನಲ್ಲಿ ತಿರುಗಿ ಬಿಗಿದುಕೊಂಡಿರುತ್ತದೆ. ಮೀನು ತಾನಾಗಿ ಸಡಿಲಿಸಿದಾಗಲೇ ಅದು ಇಳಿಯುವುದು. ಕಪ್ಪೆಯ ಗಂಟಲಲ್ಲೂ ಹೀಗೆಯೇ. ಒಳಗೆ ಹೋಗದು, ಹೊರಗೆ ಬಾರದು, ಎರಡೂ ಸಾಯುತ್ತವೆ.

ಕುಬ್ಜ ಕಪ್ಪೆಯ ಪಾಡು ಇದಕ್ಕೆ ತಿರುವುಮುರುವು. ಅದು ಕೋರಿಯನ್ನು ತಿನ್ನಲಾರದು, ಕೋರಿಯ ಸಣ್ಣ ಬಾಯಿಗೆ ಕಪ್ಪೆ ಹಿಡಿಸದು. ಆದರೆ ಊಟದ ಹೊತ್ತಿಗೆ ಗಮನಿಸಿ. ಬ್ಲಡ್‌ವರ್ಮ್ ತಳಕ್ಕೆ ಇಳಿಯುವಷ್ಟರಲ್ಲಿ ಕೋರಿಗಳ ಹಿಂಡು ಅಲ್ಲಿರುತ್ತದೆ. ಕಪ್ಪೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ, ಮೂಸುತ್ತದೆ, ಎದುರಿಗಿದ್ದ ಹುಳುವಿಗೆ ಬಾಯಿ ಹಾಕಿ ಗುರಿ ತಪ್ಪುತ್ತದೆ, ಮತ್ತೆ ನಿಲ್ಲುತ್ತದೆ. ಅಷ್ಟರಲ್ಲಿ ಮರಳು ಖಾಲಿ. ಇಂಥ ತೊಟ್ಟಿಯಲ್ಲಿ ಕಪ್ಪೆ ತಿಂಗಳುಗಟ್ಟಲೆ ಹಸಿದು ಸೊರಗುತ್ತದೆ. ಉದ್ದ ಮೂತಿಯ ಪಿಪೆಟ್‌ನಿಂದ ಹುಳುವನ್ನು ನೇರ ಅದರ ಮೂಗಿನ ಮುಂದೆ ಇಡುವ ವ್ಯವಧಾನ ಇದ್ದವರು ಮಾತ್ರ ಈ ಜೋಡಿಯನ್ನು ಸಾಕಲಿ. ಇನ್ನು ಕಾವೇರಿಯ ಗಿರ್ಲು, ಅಂದರೆ ತಮಿಳರ ಕೆಳುತ್ತಿ, ಅಥವಾ ಬಾಳೆ ಮೀನಿನ ಮರಿಯನ್ನು ತಂದು ಬಿಟ್ಟರೆ ಬೆಳಗಾಗುವುದರೊಳಗೆ ಕುಬ್ಜ ಕಪ್ಪೆ ಇರುವುದಿಲ್ಲ. ಕ್ಯಾಟ್‌ಫಿಶ್‌ಗಳು ಬೇಟೆಗೆ ಹೊರಡುವುದು ರಾತ್ರಿ.

ನೀರಿನ ಮಾತಿಗೆ ಬಂದರೆ ಈ ಸೀಮೆಗೆ ತನ್ನದೇ ಕಷ್ಟವಿದೆ. ಧರ್ಮಪುರಿ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಹಲವೆಡೆ ಲೀಟರಿಗೆ 1.5 ಮಿಲಿಗ್ರಾಂನ ಮಿತಿ ಮೀರಿದ ಫ್ಲೋರೈಡ್. ಹಲ್ಲು, ಮೂಳೆ ಕೆಡಿಸುವ ಆ ನೀರಿನಿಂದ ಜನರನ್ನು ಪಾರುಮಾಡಲೆಂದೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಕಟ್ಟಲಾಯಿತು, 2013ರಲ್ಲಿ ಅದು ಚಾಲನೆಗೊಂಡಿತು. ನಮಗೆ ಆ ನಲ್ಲಿ ನೀರು ವರ. ಆದರೆ ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಕಪ್ಪೆಗೆ ಆಗದು. ಅದರ ಚರ್ಮ ನೀರನ್ನೂ ಅನಿಲವನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಜೊತೆಗೆ ವಿಷವನ್ನೂ. ಬಹುಪಾಲು ಕ್ಯಾಟ್‌ಫಿಶ್‌ಗಳಿಗೂ ಹುರುಪೆಯ ರಕ್ಷಣೆಯಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟ ನೀರನ್ನೇ ತೊಟ್ಟಿಗೆ ಹಾಕಿ.

ನೆಲದ ಕಪ್ಪೆ ತನ್ನ ದೇಹದ ಸಾರಜನಕದ ಕಸವನ್ನು ಯೂರಿಯಾ ಮಾಡಿ ಹೊರಹಾಕುತ್ತದೆ. ನೀರಲ್ಲೇ ಬಾಳುವ ಉಗುರಿನ ಕಪ್ಪೆ ಮೀನಿನ ಹಾಗೆ ಬಹುಪಾಲನ್ನು ಅಮೋನಿಯಾ ರೂಪದಲ್ಲೇ ಬಿಡುತ್ತದೆ. ನದಿಯಲ್ಲಿ ಅದು ಕರಗಿ ಹರಿದುಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಅಲ್ಲೇ ಉಳಿಯುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ತೊಟ್ಟಿ ತಂದ ದಿನವೇ ಪ್ರಾಣಿಗಳನ್ನು ಬಿಡುವುದು ಅವುಗಳನ್ನು ಕೊಂದ ಹಾಗೆ.

ಏಪ್ರಿಲ್, ಮೇ ತಿಂಗಳ ಸೇಲಂ ಬಿಸಿಲಿನಲ್ಲಿ ಮತ್ತೊಂದು ಲೆಕ್ಕವಿದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು ಏಳೂವರೆಯಷ್ಟೇ. ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ ಇವೆರಡೂ ಪ್ರಾಣಿಗಳು ಒಂದೇ ಉಪಾಯ ಮಾಡುತ್ತವೆ. ಕಪ್ಪೆ ಮೇಲಕ್ಕೆ ಈಜಿ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಕೋರಿ ಬಾಣದಂತೆ ಮೇಲೆ ನುಗ್ಗಿ ಒಂದು ಗುಟುಕು ಗಾಳಿ ನುಂಗಿ ಇಳಿಯುತ್ತದೆ, ಅದರ ಕರುಳಿನ ಹಿಂಭಾಗ ಆ ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಆದ್ದರಿಂದ ನೀರನ್ನು ಅಂಚಿನವರೆಗೆ ತುಂಬಬೇಡಿ. ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿ ಇರಲಿ, ಮುಚ್ಚಳವೂ ಭದ್ರವಾಗಿರಲಿ. ಆಳ ಒಂದು ಅಡಿ ಸಾಕು, ಪುಟ್ಟ ಕಪ್ಪೆ ಉಸಿರಿಗಾಗಿ ಅದಕ್ಕಿಂತ ಹೆಚ್ಚು ಏರಬೇಕಾಗಿ ಬರಬಾರದು.

ಸಾಕಿ ಸಾಕಾದವರು ಇವನ್ನು ಮೆಟ್ಟೂರು ಜಲಾಶಯಕ್ಕೋ ಊರ ಕೆರೆಗೋ ಬಿಡುತ್ತಾರೆಂಬುದೇ ನನ್ನ ದೊಡ್ಡ ಭಯ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ 2000ದಲ್ಲಿ ನಿಷೇಧಿಸಿದರೂ ಕರ್ನಾಟಕ, ತಮಿಳುನಾಡು ಎರಡರಲ್ಲೂ ಕದ್ದುಮುಚ್ಚಿ ಸಾಕುವುದು ನಿಂತಿಲ್ಲ. ಅದು ಈಗಾಗಲೇ ಕಾವೇರಿ ಸೇರಿದೆ. ತೊಟ್ಟಿಯ ಗಾಜು ನೆಕ್ಕಲೆಂದು ತಂದ ಸಕ್ಕರ್ ಮೀನುಗಳು ದಕ್ಷಿಣದ ಎಷ್ಟೋ ಕೆರೆಗಳಲ್ಲಿ ಬಲೆ ಹರಿಯುತ್ತಿವೆ. ಉಗುರಿನ ಕಪ್ಪೆ ಚಿಲಿ, ಫ್ರಾನ್ಸ್, ಇಟಲಿಗಳ ಕೊಳಗಳಲ್ಲಿ ನೆಲೆಯೂರಿದೆ. ಕಪ್ಪೆಗಳ ಚರ್ಮ ಕೆಡಿಸಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರವನ್ನು ಅದು ಕಾಯಿಲೆ ಬೀಳದೆಯೇ ಹೊತ್ತು ತಿರುಗಬಲ್ಲದು. ಬೇಡವಾದ ಪ್ರಾಣಿಯನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ. ತೊಟ್ಟಿ ತೊಳೆದ ನೀರನ್ನೂ ಕೆರೆಗೆ ಸೇರುವ ಮೋರಿಗೆ ಸುರಿಯದೆ, ಬಾಲ್ಕನಿಯ ಹೂಕುಂಡಗಳಿಗೆ ಹಾಕಿ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ.